‘ಅಡ್ಡಿಯಿಲ್ಲ’ ಅಂದರೆ ಸಾಕಾ? ಮೆಚ್ಚುಗೆಯ ಮಾತು ಕೆಲಸ ಮಾಡುವ ಬಗೆ

ಅಡಿಕೆ ಕೊಯ್ಲು ಹತ್ತಿರ ಬಂತು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ಇಳಿಸುವ ಕೊನೆಗಾರರು ಸಿಗುತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಕೇಳಿದರೂ ಇದೇ ಗೋಳು. ಕೂಲಿ ಜಾಸ್ತಿ ಮಾಡಿದ್ದಾಯ್ತು. ಬೈಕಿಗೆ ಪೆಟ್ರೋಲ್ ಹಾಕಿಸಿದ್ದೂ ಆಯ್ತು. ಆದರೂ ಹೊತ್ತಿಗೆ ಸರಿಯಾಗಿ ಫೋನ್ ಎತ್ತುವವರಿಲ್ಲ. ಹಾಗಿರುವಾಗ ನಮ್ಮ ಪಕ್ಕದ ತೋಟದ ಅಜ್ಜನ ಮನೆಗೆ ಮಾತ್ರ ಒಬ್ಬ ಕೊನೆಗಾರರು ವರ್ಷವೂ ತಪ್ಪದೆ ಬರುತ್ತಾರೆ. ಅಜ್ಜ ಕೊಡುವ ಕೂಲಿ ಎಲ್ಲರೂ ಕೊಡುವಷ್ಟೇ.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಕೊನೆಗಾರರು ಬೆವರು ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರು. ಅಜ್ಜ ಅಡಿಕೆ ರಾಶಿಯ ಪಕ್ಕ ಕೂತು ಒಂದೊಂದೇ ಕೊನೆ ತಿರುಗಿಸಿ ನೋಡುತ್ತಿದ್ದರು. "ಮೇಲಿನ ಸಾಲಲ್ಲಿ ಎಳೆ ಕೊನೆ ಒಂದನ್ನೂ ಮುಟ್ಟಿಲ್ಲ ನೀನು. ಬಲಿತದ್ದು ಒಂದನ್ನೂ ಬಿಟ್ಟಿಲ್ಲ. ಕೆಳಗೆ ನಿಂತವರಿಗೆ ಇದು ಗೊತ್ತಾಗೋದೇ ಇಲ್ಲ. ಬೇಯಿಸೋದಕ್ಕೆ ಎಲ್ಲ ಒಂದೇ ಹದದ ಕಾಯಿ ಸಿಕ್ತು ಮಾರಾಯ" ಅಂದರು. ಕೊನೆಗಾರರು ಏನೂ ಹೇಳಲಿಲ್ಲ. ಮುಖ ಮಾತ್ರ ಅರಳಿತ್ತು.

ಅಡಿಕೆ ಗೊತ್ತಿಲ್ಲದವರಿಗೆ ಒಂದು ಮಾತು. ಕೆಂಪಡಿಕೆ ಮಾಡಲು ಕಾಯಿ ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಬೇಕು. ತೀರಾ ಎಳೆಯದಾದರೆ ತೂಕ ಬರುವುದಿಲ್ಲ. ಹೆಚ್ಚು ಬಲಿತರೆ ಜಾತಿ ಬದಲಾಗಿ ಬೆಲೆ ಇಳಿಯುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ ಕೂಗುವುದರ ಹಿಂದೆ ಈ ಹದದ ಲೆಕ್ಕವೂ ಇದೆ. ಮರದ ತುದಿಯಲ್ಲಿ ಜೋತಾಡುತ್ತಾ ಆ ಹದ ನೋಡುವುದು ಕೊನೆಗಾರರ ಕಣ್ಣು. ಅಜ್ಜ ಗುರುತಿಸಿದ್ದು ಅದನ್ನೇ.

ಅವರು ಪ್ರತಿವರ್ಷ ಬರುವುದು ಈ ಮಾತೊಂದಕ್ಕೇ ಅಂತ ನಾನು ಹೇಳುವುದಿಲ್ಲ. ಹಳೆಯ ಪರಿಚಯ, ಹತ್ತಿರದ ಊರು, ಕಷ್ಟಕ್ಕೆ ಆದದ್ದು, ಇನ್ನೂ ಏನೇನೋ ಇರುತ್ತದೆ. ಆದರೆ ಆ ಮಾತು ಯಾಕೆ ಅಷ್ಟು ಚೆನ್ನಾಗಿ ನಾಟಿತು ಅನ್ನುವುದಕ್ಕೆ ಕಾರಣಗಳಿವೆ. ಒಳ್ಳೆಯ ಮಾತು ಯಾವಾಗ ಫಲ ಕೊಡುತ್ತದೆ, ಯಾವಾಗ ಕೆಡಿಸುತ್ತದೆ ಅಂತ ಮನಶ್ಶಾಸ್ತ್ರದವರು ಸುಮಾರು ನೂರು ವರ್ಷದಿಂದ ಪರೀಕ್ಷೆ ಮಾಡುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಅಂಗಳಕ್ಕೆ ತಂದು ನೋಡೋಣ.

## ಹೊಗಳಿಕೆ ಬೇರೆ, ಮೆಚ್ಚುಗೆ ಬೇರೆ

ಹೊಗಳಿಕೆ, ಮೆಚ್ಚುಗೆ, ಕೃತಜ್ಞತೆ, ಮುಖಸ್ತುತಿ. ಕನ್ನಡದಲ್ಲಿ ಇವು ನಾಲ್ಕೂ ಬೇರೆ ಮಾತುಗಳು. ಆಡುವಾಗ ಮಾತ್ರ ಎಲ್ಲವನ್ನೂ ಕಲಸಿಬಿಡುತ್ತೇವೆ.

ಹೊಗಳಿಕೆ ಅಂದರೆ ಒಂದು ತೀರ್ಪು. "ನೀನು ಜಾಣ", "ನಿಮ್ಮ ಅಡುಗೆ ಸೂಪರ್". ಹೇಳುವವರು ತಕ್ಕಡಿ ಹಿಡಿದು ಕೂತಿರುತ್ತಾರೆ, ಕೇಳುವವರು ತೂಕಕ್ಕೆ ನಿಂತಿರುತ್ತಾರೆ. ಮೆಚ್ಚುಗೆ ಹಾಗಲ್ಲ. ನೀವು ಮಾಡಿದ್ದನ್ನು ನಾನು ಕಂಡೆ, ಅದರಿಂದ ನನಗೆ ಹೀಗಾಯಿತು ಅಂತ ಹೇಳುವುದು ಮೆಚ್ಚುಗೆ. ಅಜ್ಜ ಹೇಳಿದ್ದು ಇದು. ಅವರ ಮಾತಿನಲ್ಲಿ ‘ಭೇಷ್’ ಇರಲಿಲ್ಲ, ‘ಸೂಪರ್’ ಇರಲಿಲ್ಲ. ಕಂಡದ್ದು ಇತ್ತು, ಆದದ್ದು ಇತ್ತು.

ಕೃತಜ್ಞತೆ ಅಂದರೆ ಆದ ಉಪಕಾರವನ್ನು ನೆನೆಯುವುದು. ಮೆಚ್ಚುಗೆಯ ಜೊತೆ ಬಂದರೆ ಇನ್ನೂ ಚೆಂದ. ಮುಖಸ್ತುತಿ ಇವೆಲ್ಲದರ ಹಾಗೇ ಕಾಣುತ್ತದೆ, ಆದರೆ ಅದರ ಲಾಭ ಹೇಳುವವನಿಗೆ. ಹೊಗಳಿ ಅಟ್ಟಕ್ಕೇರಿಸುವುದು ಅನ್ನುತ್ತೇವಲ್ಲ, ಅದು ಇದು. ಹೊಗಳಿಕೆಯನ್ನು ‘ಹೊನ್ನಶೂಲ’ ಅಂತ ಕರೆದದ್ದು 12ನೇ ಶತಮಾನದಲ್ಲಿ ಬಸವಣ್ಣನವರು. ಚಿನ್ನದ್ದಾದರೂ ಶೂಲ ಶೂಲವೇ. ಆ ಎಚ್ಚರ ನಮ್ಮ ಜನರ ಮನಸ್ಸಿನಲ್ಲಿ ಆಳವಾಗಿ ಕೂತಿದೆ.

ಅದಕ್ಕೋ ಏನೋ, ಮಲೆನಾಡಿನಲ್ಲಿ ಮೆಚ್ಚುಗೆಯ ಮಾತು ಯಾವಾಗಲೂ ಒಂದು ಹೆಜ್ಜೆ ಹಿಂದೆ ನಿಂತು ಬರುತ್ತದೆ. ಕಡುಬು ಹೂವಿನಂತೆ ಬಂದಿರುತ್ತದೆ, ಆರು ತಿಂದಿರುತ್ತಾರೆ, ಕೇಳಿದರೆ "ಅಡ್ಡಿಯಿಲ್ಲ" ಅನ್ನುತ್ತಾರೆ. ಮಗಳು ಕ್ಲಾಸಿಗೇ ಮೊದಲು ಬಂದಿರುತ್ತಾಳೆ, "ಪರವಾಗಿಲ್ಲ, ಓದುತ್ತಾಳೆ" ಅನ್ನುತ್ತಾರೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಆ ‘ಅಡ್ಡಿಯಿಲ್ಲ’ದ ತೂಕ ಗೊತ್ತು. ಹೊರಗಿನಿಂದ ಬಂದ ಸೊಸೆಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ, ಎಂಟು ವರ್ಷದ ಮಗುವಿಗೆ ಅದು ಗೊತ್ತಿರುವುದಿಲ್ಲ. ಅವರಿಗೆ ಕೇಳಿಸುವುದು ‘ಸುಮಾರಾಗಿದೆ’ ಅಂತ.

## ಕರೆಂಟ್ ಹೋದಾಗ ಇಪ್ಪತ್ತು ಫೋನ್

ಒಳ್ಳೆಯ ಕೆಲಸ ಯಾಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ?

ಜುಲೈ ತಿಂಗಳ ಮಳೆಯನ್ನು ನೆನಪಿಸಿಕೊಳ್ಳಿ. ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ. ಅರ್ಧ ಗಂಟೆಯಲ್ಲಿ ಲೈನ್‌ಮ್ಯಾನ್‌ಗೆ ಇಪ್ಪತ್ತು ಫೋನ್. "ಯಾವಾಗ ಬರುತ್ತೆ? ನೀರಿಲ್ಲ, ಮೊಬೈಲ್ ಸತ್ತಿದೆ." ಅವರು ಜಿಗಣೆ ಹತ್ತಿಸಿಕೊಂಡು ಕಾಡಿನ ಲೈನ್ ಉದ್ದಕ್ಕೂ ನಡೆದು, ಒದ್ದೆ ಕಂಬ ಹತ್ತಿ, ರಾತ್ರಿ ಒಂಬತ್ತಕ್ಕೆ ಸರಿ ಮಾಡುತ್ತಾರೆ. ಕರೆಂಟ್ ಬಂತು. ಆಗ ಎಷ್ಟು ಫೋನ್ ಹೋಗುತ್ತದೆ? ಒಂದೂ ಇಲ್ಲ.

ಇದು ಕೆಟ್ಟತನ ಅಲ್ಲ. ನಮ್ಮ ಮನಸ್ಸು ಇರುವುದೇ ಹಾಗೆ. ಕೆಟ್ಟದ್ದು ಒಳ್ಳೆಯದಕ್ಕಿಂತ ಜೋರಾಗಿ ತಟ್ಟುತ್ತದೆ ಅನ್ನುವುದನ್ನು ಮನಶ್ಶಾಸ್ತ್ರದಲ್ಲಿ ಬೇರೆ ಬೇರೆ ರೀತಿಯಲ್ಲಿ ನೋಡಿದ್ದಾರೆ. ರಾಯ್ ಬೌಮೈಸ್ಟರ್ ಮತ್ತು ಅವರ ಜೊತೆಗಾರರು 2001ರಲ್ಲಿ ಅಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಈ ಮಾತು ಹೇಳಿದರು. ಕಾರಣ ಊಹಿಸುವುದು ಕಷ್ಟವಲ್ಲ. ಕಾಡಿನಲ್ಲಿ ಹೂವು ಕಾಣದೆ ಹೋದರೆ ನಷ್ಟವಿಲ್ಲ, ಹಾವು ಕಾಣದೆ ಹೋದರೆ ಜೀವವೇ ಹೋಗುತ್ತದೆ. ಹಾಗಾಗಿ ಮನಸ್ಸು ತಪ್ಪಿದ್ದನ್ನು ಹುಡುಕುತ್ತದೆ. ಸರಿಯಾಗಿ ನಡೆಯುತ್ತಿರುವುದು ಗೋಡೆಯ ಹಾಗೆ, ಕಿಟಕಿಯ ಹಾಗೆ ಸುಮ್ನೆ ಅಲ್ಲೇ ಇರುತ್ತದೆ.

ಅಡುಗೆಮನೆಯಲ್ಲಿ ದಿನವೂ ಇದೇ ನಡೆಯುತ್ತದೆ. ಮುನ್ನೂರು ದಿನ ಸಾರಿನಲ್ಲಿ ಉಪ್ಪು ಸರಿಯಾಗಿರುತ್ತದೆ, ಯಾರೂ ಮಾತಾಡುವುದಿಲ್ಲ. ಒಂದು ದಿನ ಜಾಸ್ತಿಯಾದರೆ ಮನೆಯವರೆಲ್ಲ ಮಾತಾಡುತ್ತಾರೆ.

ಚೆನ್ನಾಗಿ ಮಾಡಿದ ಕೆಲಸಕ್ಕೆ ಹೀಗೆ ಒಂದು ಕಷ್ಟವಿದೆ. ಅದು ಚೆನ್ನಾದಷ್ಟೂ ಮರೆಯಾಗುತ್ತದೆ. ಶಾಲೆಯ ಬಿಸಿಯೂಟ ಮಾಡುವವರು, ಆಶಾ ಕಾರ್ಯಕರ್ತೆಯರು, ಬೆಳಗಿನ ಆರಕ್ಕೆ ಹಾಲು ಹಾಕಿ ಹೋಗುವವರು, ಎಲ್ಲರದೂ ಇದೇ ಕಥೆ. ಮೆಚ್ಚುಗೆ ತಾನಾಗಿ ಬಾಯಿಗೆ ಬರುವುದಿಲ್ಲ. ಮೊದಲು ನೋಡಬೇಕು ಅಂತ ನೋಡಬೇಕು.

## ಒಳಗೆ ಏನಾಗುತ್ತದೆ?

ವಿಲಿಯಂ ಜೇಮ್ಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ಬರಿದ್ದರು. 1890ರಲ್ಲಿ ಮನಸ್ಸಿನ ಬಗ್ಗೆ ಎರಡು ಸಂಪುಟಗಳ ದೊಡ್ಡ ಪುಸ್ತಕ ಬರೆದವರು. 1896ರಲ್ಲಿ ಅವರ ವಿದ್ಯಾರ್ಥಿನಿಯರು ಈಸ್ಟರ್ ಹಬ್ಬಕ್ಕೆ ಒಂದು ಹೂಗಿಡ ಕಳಿಸಿಕೊಟ್ಟರು. ಜೇಮ್ಸ್ ಕರಗಿಹೋದರು. ತಿರುಗಿ ಬರೆದ ಕಾಗದದಲ್ಲಿ, ನನ್ನ ಪುಸ್ತಕದಲ್ಲಿ ಒಂದು ದೊಡ್ಡ ವಿಷಯವೇ ಬಿಟ್ಟುಹೋಗಿದೆ ಅಂತ ಒಪ್ಪಿಕೊಂಡರು. ಮನುಷ್ಯನ ಒಳಗಿನ ಅತಿ ಆಳವಾದ ಹಂಬಲ ಮೆಚ್ಚುಗೆ ಪಡೆಯಬೇಕು ಅನ್ನುವುದು, ನನಗೆ ಅದು ಈವರೆಗೆ ಸಿಕ್ಕಿರಲಿಲ್ಲವಾದ್ದರಿಂದ ಬಿಟ್ಟುಹೋಗಿತ್ತು ಅನ್ನುವುದು ಅವರ ಮಾತಿನ ಸಾರ. ಅಷ್ಟು ಓದಿದವರಿಗೂ ಒಂದು ಗಿಡ ಬರುವವರೆಗೆ ಅದು ಹೊಳೆದಿರಲಿಲ್ಲ ಅಂತ ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ.

ಈಗ ಮಿದುಳಿನೊಳಗೆ ನೋಡುವ ಯಂತ್ರಗಳು ಬಂದಿವೆ. 2008ರಲ್ಲಿ ಜಪಾನಿನ ಸಂಶೋಧಕರು ಜನರಿಗೆ ಒಮ್ಮೆ ಹಣ ಸಿಗುವ ಹಾಗೆ ಮಾಡಿದರು. ಇನ್ನೊಮ್ಮೆ ಬೇರೆಯವರು ಅವರ ಬಗ್ಗೆ ಆಡಿದ ಒಳ್ಳೆಯ ಮಾತು ತೋರಿಸಿದರು. ಎರಡಕ್ಕೂ ಮಿದುಳಿನಲ್ಲಿ ಚುರುಕಾದ ಜಾಗ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಳ್ಳೆಯ ಮಾತು ಮಿದುಳಿಗೆ ಗಾಳಿಯ ಮಾತಲ್ಲ, ನಿಜವಾದ ಗಳಿಕೆ.

ಹಾಗಂತ ಹಣ ಮತ್ತು ಮಾತು ಎರಡೂ ಒಂದೇ ಕೆಲಸ ಮಾಡುತ್ತವೆಯಾ? ಇಲ್ಲ. 1971ರಲ್ಲಿ ಎಡ್ವರ್ಡ್ ಡೆಸಿ ಅನ್ನುವವರು ಕಾಲೇಜು ಹುಡುಗರಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು. ಇನ್ನೊಂದು ಪರೀಕ್ಷೆಯಲ್ಲಿ ದುಡ್ಡಿನ ಬದಲು ಒಳ್ಳೆಯ ಮಾತು. ಆಮೇಲೆ ಬಿಡುವು ಕೊಟ್ಟು, ಯಾರು ತಾವಾಗಿ ಒಗಟು ಎತ್ತಿಕೊಳ್ಳುತ್ತಾರೆ ಅಂತ ಕಾದು ನೋಡಿದರು. ದುಡ್ಡು ಪಡೆದವರ ಆಸಕ್ತಿ ದುಡ್ಡು ನಿಂತ ಮೇಲೆ ಇಳಿಯಿತು. ಒಳ್ಳೆಯ ಮಾತು ಕೇಳಿದವರ ಆಸಕ್ತಿ ಹಾಗೆ ಇಳಿಯಲಿಲ್ಲ.

ಇದನ್ನು ತಪ್ಪಾಗಿ ಓದಬಾರದು. ಇದು ಆಟದ ಒಗಟಿನ ಮಾತು, ಹೊಟ್ಟೆಪಾಡಿನ ಮಾತಲ್ಲ. ಕೂಲಿ ಕಡಿಮೆ ಕೊಟ್ಟು ಬಾಯಿ ತುಂಬ ಹೊಗಳಿದರೆ ಅದು ಮೋಸವೇ. ಸಂಬಳ ಕೆಲಸದ ಹಕ್ಕು. ಮೆಚ್ಚುಗೆ ಅದರ ಮೇಲಿನದು, ಅದರ ಬದಲಿಗೆ ಅಲ್ಲ.

## ಮಗು ‘ಬುದ್ಧಿವಂತೆ’ ಆದರೆ ಬರುವ ತೊಂದರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಿವಮೊಗ್ಗದ ಯಾವ ಬೀದಿಯಲ್ಲಿ ನಡೆದರೂ ಎರಡು ಮಾತು ಕೇಳಿಸುತ್ತದೆ. "ಅವಳು ಹುಟ್ಟಾ ಬುದ್ಧಿವಂತೆ." "ಇವನದು ತಲೆ ಅಂದ್ರೆ ತಲೆ." ಪ್ರೀತಿಯಿಂದಲೇ ಹೇಳುತ್ತಾರೆ. ನಾನೂ ನನ್ನ ಮಗಳಿಗೆ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ.

1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಅಮೆರಿಕದಲ್ಲಿ ಐದನೇ ತರಗತಿಯ ಮಕ್ಕಳಿಗೆ ಕೆಲವು ಚಿತ್ರದ ಒಗಟುಗಳನ್ನು ಕೊಟ್ಟರು. ಮೊದಲನೆಯವು ಸುಲಭ. ಚೆನ್ನಾಗಿ ಬಿಡಿಸಿದೆ ಅಂತ ಎಲ್ಲರಿಗೂ ಹೇಳಿದರು. ಆಗ ಕೆಲವು ಮಕ್ಕಳಿಗೆ "ನೀನು ಬುದ್ಧಿವಂತೆ ಇರಬೇಕು" ಅಂದರು. ಇನ್ನು ಕೆಲವರಿಗೆ "ನೀನು ಚೆನ್ನಾಗಿ ಶ್ರಮ ಹಾಕಿರಬೇಕು" ಅಂದರು. ವ್ಯತ್ಯಾಸ ಇಷ್ಟೇ, ಒಂದು ವಾಕ್ಯ. ಆಮೇಲೆ ಯಾವ ಥರದ ಒಗಟು ಬೇಕು ಅಂತ ಕೇಳಿದಾಗ ‘ಬುದ್ಧಿವಂತ’ ಮಕ್ಕಳಲ್ಲಿ ಹೆಚ್ಚಿನವರು ತಾವು ಸುಲಭವಾಗಿ ಗೆಲ್ಲುವಂಥದ್ದನ್ನು ಆರಿಸಿಕೊಂಡರು. ‘ಶ್ರಮ’ದ ಮಕ್ಕಳಲ್ಲಿ ಹೆಚ್ಚಿನವರು ಕಲಿಯಲು ಸಿಗುವಂಥದ್ದನ್ನು ಆರಿಸಿಕೊಂಡರು. ನಂತರ ಎಲ್ಲರಿಗೂ ತುಂಬಾ ಕಷ್ಟದ ಒಗಟು ಕೊಟ್ಟರು, ಎಲ್ಲರೂ ಸೋತರು. ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರು. ‘ಬುದ್ಧಿವಂತ’ ಮಕ್ಕಳು ಮೊದಲಿಗಿಂತ ಕಡಿಮೆ ಬಿಡಿಸಿದರು. ‘ಶ್ರಮ’ದ ಮಕ್ಕಳು ಹೆಚ್ಚು ಬಿಡಿಸಿದರು.

ಇನ್ನೊಂದು ವಿಷಯ ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಬೇರೆ ಶಾಲೆಯ ಮಕ್ಕಳಿಗೆ ನಿನ್ನ ಅಂಕ ಬರೆದು ಕಳಿಸು ಅಂದಾಗ, ‘ಬುದ್ಧಿವಂತೆ’ ಅನ್ನಿಸಿಕೊಂಡ ಗುಂಪಿನಲ್ಲಿ 100ಕ್ಕೆ ಸುಮಾರು 38 ಮಕ್ಕಳು ಸುಳ್ಳು ಅಂಕ ಬರೆದರು. ಶ್ರಮದ ಗುಂಪಿನಲ್ಲಿ ಸುಮಾರು 13.

ಯಾಕೆ ಹೀಗೆ? ‘ನೀನು ಬುದ್ಧಿವಂತೆ’ ಅಂದರೆ ಮಗುವಿಗೆ ಒಂದು ಬಿರುದು ಕೊಟ್ಟ ಹಾಗೆ. ಬಿರುದನ್ನು ಕಾಪಾಡಬೇಕು. ಸೋತರೆ ಬಿರುದು ಹೋಗುತ್ತದೆ. ಹಾಗಾಗಿ ಸೋಲುವ ಕಡೆ ಹೋಗದಿರುವುದೇ ಜಾಣತನ ಅನ್ನಿಸುತ್ತದೆ. ಶ್ರಮ ಅನ್ನುವುದು ಮಗುವಿನ ಕೈಯಲ್ಲೇ ಇದೆ. ಸೋತರೆ ಇನ್ನಷ್ಟು ಹಾಕಬಹುದು.

ನಮ್ಮ ಕಡೆ ಇದಕ್ಕೆ ಸರಿಯಾಗಿ ಹೊಂದುವ ಮಾತು ‘ಕೈಗುಣ’. "ಅವರ ಕೈಗುಣ, ಹಾಕಿದ ಗಿಡ ಎಲ್ಲ ಚಿಗುರುತ್ತೆ." "ಅತ್ತೆಯ ಕೈಗುಣ, ಉಪ್ಪಿನಕಾಯಿ ಎರಡು ವರ್ಷ ಕೆಡಲ್ಲ." ಚೆಂದದ ಮಾತು, ನನಗೂ ಇಷ್ಟ. ಆದರೆ ಅಪ್ಪೆಮಿಡಿ ಉಪ್ಪಿನಕಾಯಿ ಕೆಡದೆ ಉಳಿಯುವುದು ಕೈಗುಣದಿಂದ ಅಲ್ಲ. ಪೆಟ್ಟು ಬಿದ್ದ ಮಿಡಿಯನ್ನು ಒಂದೊಂದಾಗಿ ಆರಿಸಿ ತೆಗೆದದ್ದು, ಉಪ್ಪಿನಲ್ಲಿ ಹಾಕಿ ದಿನ ದಿನವೂ ಕೈಯಾಡಿಸಿದ್ದು, ಭರಣಿಗೆ ಒಂದು ಹನಿ ಹಸಿ ನೀರು ಸೋಕದ ಹಾಗೆ ನೋಡಿಕೊಂಡದ್ದು ಅದರ ಹಿಂದಿದೆ. ಕೈಗುಣ ಅಂದಾಗ ಈ ದುಡಿತವೆಲ್ಲ ಮುಚ್ಚಿಹೋಗುತ್ತದೆ. ಕಲಿಯಬೇಕು ಅಂತ ಪಕ್ಕದಲ್ಲಿ ನಿಂತ ಹುಡುಗಿಗೂ ದಾರಿ ಮುಚ್ಚುತ್ತದೆ. ಕೈಗುಣ ಇಲ್ಲದವಳು ಏನು ಮಾಡಬೇಕು ಹೇಳಿ?

ಬುದ್ಧಿ ಹುಟ್ಟಿನಿಂದ ಬಂದಷ್ಟೇ ಅಲ್ಲ, ಬೆಳೆಸಿಕೊಳ್ಳಬಹುದು ಅನ್ನುವ ಡ್ವೆಕ್ ಅವರ ವಿಚಾರ ಆಮೇಲೆ ಜಗತ್ತಿನ ಶಾಲೆಗಳಿಗೆಲ್ಲ ಹಬ್ಬಿತು. ಸ್ವಲ್ಪ ಅತಿಯೂ ಆಯಿತು. ನಂತರದ ದೊಡ್ಡ ಅಧ್ಯಯನಗಳಲ್ಲಿ, ಮಕ್ಕಳಲ್ಲಿ ಈ ನಂಬಿಕೆ ಬೆಳೆಸುವ ಪಾಠಗಳಿಂದ ಅಂಕಗಳಲ್ಲಿ ಆಗುವ ಬದಲಾವಣೆ ಚಿಕ್ಕದು ಅಂತ ಕಂಡಿತು. ಸುಮ್ನೆ "ಪ್ರಯತ್ನ ಮಾಡಿದೆಯಲ್ಲ, ಸಾಕು" ಅಂದರೆ ಸಾಲದು ಅಂತ ಡ್ವೆಕ್ ಅವರೇ ಎಚ್ಚರಿಸಿದ್ದಾರೆ. ತಪ್ಪು ದಾರಿಯಲ್ಲಿ ಹತ್ತು ಗಂಟೆ ಓದಿದ ಮಗುವಿಗೆ ಬೇಕಾದದ್ದು ಹೊಗಳಿಕೆ ಅಲ್ಲ, ದಾರಿ. "ಈ ಲೆಕ್ಕವನ್ನು ಮೊದಲು ಚಿತ್ರ ಬರೆದುಕೊಂಡು ಮಾಡಿದೆ ನೋಡು, ಆಗ ಸರಿಯಾಯ್ತು" ಅನ್ನುವುದರಲ್ಲಿ ಶ್ರಮವೂ ಇದೆ, ದಾರಿಯೂ ಇದೆ.

ಉಬ್ಬಿಸಿದ ಹೊಗಳಿಕೆಯ ಬಗ್ಗೆಯೂ ಪರೀಕ್ಷೆ ನಡೆದಿದೆ. 2014ರಲ್ಲಿ ಎಡ್ಡಿ ಬ್ರುಮೆಲ್ಮನ್ ಅವರ ತಂಡ ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಂದ ಚಿತ್ರ ಬರೆಸಿತು. ಕೆಲವರಿಗೆ "ಚೆಂದದ ಚಿತ್ರ" ಅಂತ, ಕೆಲವರಿಗೆ "ನಂಬಲಾಗದಷ್ಟು ಚೆಂದದ ಚಿತ್ರ" ಅಂತ ಚೀಟಿ ಕೊಟ್ಟರು. ತಮ್ಮ ಬಗ್ಗೆ ಮೊದಲೇ ನಂಬಿಕೆ ಕಡಿಮೆ ಇದ್ದ ಮಕ್ಕಳು ಎರಡನೆಯ ಚೀಟಿ ಸಿಕ್ಕಾಗ ಮುಂದಿನ ಸಲ ಸುಲಭದ ಚಿತ್ರವನ್ನೇ ಆರಿಸಿಕೊಂಡರು. ನಾವು ಜಾಸ್ತಿ ಹೊಗಳುವುದು ಇಂಥ ಮುದುಡಿದ ಮಕ್ಕಳನ್ನೇ ಅಲ್ವಾ? ಧೈರ್ಯ ತುಂಬಲಿ ಅಂತ. ಅವರಿಗೆ ಅದು ಏರಲಾಗದ ಅಟ್ಟವಾಗಿ ಕಾಣುತ್ತದೆ.

## ನಾಟುವ ಮಾತು ಹೇಗಿರುತ್ತದೆ

ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಅನ್ನುವ ನಾಟಕದ ಸಂಸ್ಥೆ ಇದೆ. 1949ರಲ್ಲಿ ಶುರುವಾದದ್ದು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡುತ್ತಾರೆ, ಮರುದಿನ ಕೂತು ಅದರ ಬಗ್ಗೆ ಮಾತಾಡುತ್ತಾರೆ. "ನಾಟಕ ಚೆನ್ನಾಗಿತ್ತು" ಅಂದರೆ ಅಂಥ ಕಡೆ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಯಾವ ಜಾಗ ಚೆನ್ನಾಗಿತ್ತು, ಅಲ್ಲಿ ನಟ ಏನು ಮಾಡಿದ, ನೋಡುವಾಗ ನಿನಗೆ ಏನಾಯಿತು ಅಂತ ಹೇಳಬೇಕಾಗುತ್ತದೆ. "ತಾಯಿ ಬಾಗಿಲ ಹತ್ತಿರ ಬಂದು ಏನೂ ಹೇಳದೆ ತಿರುಗಿದಳಲ್ಲ, ಅಲ್ಲಿ ನನಗೆ ನಮ್ಮಜ್ಜಿ ನೆನಪಾದಳು." ಇಂಥ ಮಾತು ಕೇಳಿದ ನಟಿಗೆ ತಾನು ಏನನ್ನು ಉಳಿಸಿಕೊಳ್ಳಬೇಕು ಅಂತ ಗೊತ್ತಾಗುತ್ತದೆ.

ನನಗೆ ಮುಖ್ಯ ಅನ್ನಿಸುವ ವಿಷಯ ಇದೇ. ಮೆಚ್ಚುಗೆ ಅಂದರೆ ಸುದ್ದಿ. ಮಾಡಿದವರಿಗೆ ಕಾಣದ ಕಡೆಯ ಸುದ್ದಿಯನ್ನು ಅವರಿಗೆ ತಲುಪಿಸುವುದು. ಮರದ ಮೇಲಿದ್ದವರಿಗೆ ಬೇಯಿಸುವ ಹಂಡೆಯಲ್ಲಿ ಏನಾಯಿತು ಅಂತ ಗೊತ್ತಿರುವುದಿಲ್ಲ. ಹಂಡೆಯ ಸುದ್ದಿಯನ್ನು ಅಜ್ಜ ತಂದುಕೊಟ್ಟರು. ಅದರಲ್ಲಿ ಎರಡು ತುಂಡುಗಳಿದ್ದವು: ಅವರು ಮಾಡಿದ್ದೇನು, ಅದರಿಂದ ಆದದ್ದೇನು. ಈ ಎರಡು ಇದ್ದರೆ ‘ಸೂಪರ್’ ಬೇಕಾಗುವುದಿಲ್ಲ.

ಯಾವಾಗ ಹೇಳಬೇಕು? ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಹೆಪ್ಪಾಗುವುದಿಲ್ಲ. ಉಗುರುಬೆಚ್ಚಗಿರುವಾಗ ಒಂದು ಚಮಚ ಸಾಕು. ಕೆಲಸದ ನಡುವೆ, ತಲೆಬಿಸಿಯಲ್ಲಿ ಇರುವವರಿಗೆ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಆರು ತಿಂಗಳ ಮೇಲೆ ಹೇಳಿದರೆ ಯಾವ ಕೆಲಸ ಅಂತಲೇ ಮರೆತಿರುತ್ತದೆ. ಕೆಲಸ ಮುಗಿದು ಕೈ ತೊಳೆಯುವ ಹೊತ್ತು ಒಳ್ಳೆಯದು.

‘ಆದರೆ’ ಅನ್ನುವ ಪದದ ಬಗ್ಗೆಯೂ ಹೇಳಬೇಕು. "ವರದಿ ಚೆನ್ನಾಗಿದೆ, ಆದರೆ..." ಅಂದ ಕೂಡಲೇ ಕೇಳುವವರ ಕಿವಿ ಆ ‘ಆದರೆ’ಯ ಮೇಲೆ ಕೂರುತ್ತದೆ. ನಾಲ್ಕು ಸಲ ಹೀಗಾದರೆ ಒಳ್ಳೆಯ ಮಾತು ಕೇಳಿದಾಗಲೆಲ್ಲ ಈಗ ಏನೋ ಬರುತ್ತದೆ ಅಂತ ಹೆದರುತ್ತಾರೆ. ತಿದ್ದುವುದಿದ್ದರೆ ಬೇರೆ ಹೊತ್ತಿನಲ್ಲಿ ನೇರವಾಗಿ ತಿದ್ದುವುದು ವಾಸಿ. ಹಾಗೇ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಿ ಮೆಚ್ಚಿದರೆ ಒಬ್ಬನನ್ನು ಎತ್ತಲು ಇನ್ನೊಬ್ಬನನ್ನು ತುಳಿದ ಹಾಗೆ.

## ಮಾತಿಗೂ ಮೇಲು ಕೆಳಗಿದೆ

ಇನ್ನು ನಮ್ಮ ಭಾಷೆಯ ವಿಷಯ. ಕನ್ನಡದಲ್ಲಿ ಹೊಗಳುವ ಮಾತುಗಳಿಗೆ ದಿಕ್ಕಿದೆ. ‘ಭೇಷ್’, ‘ಶಹಬ್ಬಾಸ್’, ಬೆನ್ನು ತಟ್ಟುವುದು, ಇವೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುವ ಮಾತು. ಮೊಮ್ಮಗನಿಗೆ ಅಜ್ಜ ಹೇಳಬಹುದು. ಅಜ್ಜನಿಗೆ ಮೊಮ್ಮಗ "ಶಹಬ್ಬಾಸ್ ಅಜ್ಜ" ಅಂದರೆ ಅದು ಮೆಚ್ಚುಗೆ ಆಗುವುದಿಲ್ಲ, ಅಧಿಕಪ್ರಸಂಗ ಆಗುತ್ತದೆ. ಕಿರಿಯರು ಹಿರಿಯರನ್ನು ತೂಗಿ ನೋಡಿದ ಹಾಗೆ ಕೇಳಿಸುತ್ತದೆ. ಹಾಗಾಗಿ ಹಿರಿಯರ ಬಗ್ಗೆ ಎಷ್ಟೋ ಮೆಚ್ಚುಗೆ ಇದ್ದರೂ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ.

ದಾರಿ ಇದೆ. ತೀರ್ಪನ್ನು ಬಿಟ್ಟು, ನಮಗೆ ಆದದ್ದನ್ನು ಹೇಳುವುದು. "ನೀವು ಅವತ್ತು ಹೇಳಿಕೊಟ್ಟ ಹಾಗೆ ಮೈಲುತುತ್ತ ಬೇರೆ, ಸುಣ್ಣ ಬೇರೆ ಕರಗಿಸಿಕೊಂಡು ಆಮೇಲೆ ಸೇರಿಸಿದೆವು ಚಿಕ್ಕಪ್ಪ. ಈ ವರ್ಷ ಅಡಿಕೆಗೆ ಕೊಳೆರೋಗ ತುಂಬಾ ಕಡಿಮೆ." ಇದರಲ್ಲಿ ಚಿಕ್ಕಪ್ಪನನ್ನು ಯಾರೂ ಅಳೆಯಲಿಲ್ಲ. ಆದರೂ ಅವರ ಬುದ್ಧಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಮ್ಮನಿಗೆ "ಅಡುಗೆ ಚೆನ್ನಾಗಿ ಮಾಡ್ತೀಯ" ಅನ್ನುವುದಕ್ಕಿಂತ "ಹಾಸ್ಟೆಲಲ್ಲಿ ಜ್ವರ ಬಂದಾಗ ನಿನ್ನ ತಂಬುಳಿ ನೆನಪಾಗ್ತಿತ್ತು" ಅನ್ನುವುದು ಅವಳನ್ನು ಬೇಗ ತಲುಪುತ್ತದೆ.

ಎದುರಿಗೆ ಹೇಳಲು ಸಂಕೋಚವಾದರೆ ನಮ್ಮ ಊರುಗಳಲ್ಲಿ ಇನ್ನೊಂದು ಹಳೆಯ ದಾರಿ ಇದೆ, ಬೆನ್ನ ಹಿಂದೆ ಮೆಚ್ಚುವುದು. ಮದುವೆಮನೆಯಲ್ಲಿ ನಾಲ್ಕು ಜನರ ಎದುರು ಆಡಿದ ಒಳ್ಳೆಯ ಮಾತು ಎರಡು ದಿನದಲ್ಲಿ ಆ ಮನೆಯ ಬಾಗಿಲಿಗೆ ಮುಟ್ಟುತ್ತದೆ. ಎದುರಿಗಿಲ್ಲದಾಗ ಹೇಳಿದ್ದರಿಂದ ಮುಖಸ್ತುತಿ ಅನ್ನುವ ಅನುಮಾನವೂ ಬರುವುದಿಲ್ಲ.

## ಕೆಲಸದ ಜಾಗದಲ್ಲಿ

ನಾನು ಕೆಲವು ವರ್ಷ ಒಂದು ಆಫೀಸಿನಲ್ಲಿ ಇದ್ದೆ. ತಪ್ಪಾದ ದಿನ ಕರೆದು ಹೇಳುತ್ತಿದ್ದರು, ಅದು ನ್ಯಾಯವೇ. ಸರಿಯಾದ ದಿನ ಏನೂ ಇರುತ್ತಿರಲಿಲ್ಲ. ಬಿಟ್ಟು ಬರುವ ದಿನ ಬೀಳ್ಕೊಡುಗೆ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬೊಬ್ಬರೂ ಎದ್ದು ನಿಂತು ನನ್ನ ಕೆಲಸದ ಬಗ್ಗೆ ಮಾತಾಡಿದರು. ನಾನು ಮರೆತೇ ಹೋಗಿದ್ದ ಒಂದು ಹಳೆಯ ಲೆಕ್ಕದ ಗಂಟನ್ನು ಬಿಡಿಸಿದ್ದನ್ನು ಮೇಲಿನವರು ನೆನೆದರು. ಕಣ್ಣು ತುಂಬಿತು. ಇದನ್ನು ಮೂರು ವರ್ಷದ ಹಿಂದೆ ಹೇಳಿದ್ದರೆ ನಾನು ಬಿಟ್ಟು ಹೋಗುತ್ತಿದ್ದೆನಾ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ನಾವು ಮೆಚ್ಚುಗೆಯನ್ನು ನಿವೃತ್ತಿಗೆ, ಶ್ರದ್ಧಾಂಜಲಿಗೆ ಅಂತ ಎತ್ತಿಡುತ್ತೇವೆ. ಆ ಹೊತ್ತಿಗೆ ಅದನ್ನು ಬಳಸಿಕೊಳ್ಳುವವರು ಇರುವುದಿಲ್ಲ.

ಕೆಲಸದ ಜಾಗದಲ್ಲಿ ಒಳ್ಳೆಯ ಮಾತಿನ ಪರಿಣಾಮವನ್ನು ನೇರವಾಗಿ ಅಳೆದ ಒಂದು ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. 300ಕ್ಕೂ ಹೆಚ್ಚು ಜನರನ್ನು ಕಂಪ್ಯೂಟರಿನಲ್ಲಿ ಮಾಹಿತಿ ತುಂಬುವ ಕೆಲಸಕ್ಕೆ ಕೆಲವು ಗಂಟೆ ಸೇರಿಸಿಕೊಂಡು, ಚಿಕ್ಕ ಚಿಕ್ಕ ಗುಂಪು ಮಾಡಿದರು. ನಡುವೆ, ಮೊದಲೇ ಹೇಳದೆ, ಕೆಲವು ಗುಂಪುಗಳಲ್ಲಿ ಧನ್ಯವಾದದ ಕಾರ್ಡ್ ಕೊಟ್ಟರು. ಕೆಲಸ ಹೆಚ್ಚಿತು. ಅಚ್ಚರಿ ಏನೆಂದರೆ, ಚೆನ್ನಾಗಿ ಮಾಡಿದ ಮೂವರಿಗೆ ಮಾತ್ರ ಕಾರ್ಡ್ ಕೊಟ್ಟ ಗುಂಪಿನಲ್ಲಿ ಹೆಚ್ಚು ಚುರುಕಾದವರು ಕಾರ್ಡ್ ಸಿಗದವರು. ಇಲ್ಲಿ ಕೆಲಸವನ್ನು ನೋಡುವವರಿದ್ದಾರೆ, ಚೆನ್ನಾಗಿ ಮಾಡುವುದು ಅಂದರೆ ಇದು ಅಂತ ಅವರಿಗೆ ಗೊತ್ತಾಯಿತು.

ಆದರೆ ಕಾರ್ಡು, ಶಾಲು, ತಿಂಗಳ ಉತ್ತಮ ನೌಕರ ಅನ್ನುವ ಫೋಟೊ, ಇವೆಲ್ಲ ಸರದಿಯ ಮೇಲೆ ಬರತೊಡಗಿದರೆ ಅರ್ಥ ಕಳೆದುಕೊಳ್ಳುತ್ತವೆ. ಈ ತಿಂಗಳು ಯಾರ ಪಾಳಿ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮೆಚ್ಚುಗೆಯನ್ನು ಹಗ್ಗವಾಗಿ ಬಳಸುವುದು ಇನ್ನೂ ಕೆಟ್ಟದ್ದು. "ನೀನಿಲ್ಲದಿದ್ದರೆ ಆಗೋದೇ ಇಲ್ಲ ಮಾರಾಯ" ಅಂದ ಮರುಕ್ಷಣ ಭಾನುವಾರದ ಕೆಲಸ ಹೆಗಲಿಗೆ ಬರುತ್ತದೆ. "ನಾನು ಹೇಳಿದ ಹಾಗೇ ಮಾಡಿದೆ, ಅದಕ್ಕೇ ಚೆನ್ನಾಯ್ತು" ಅನ್ನುವುದೂ ಇದೇ ಜಾತಿ. ಆ ಮಾತಿನಲ್ಲಿ ಕ್ರೆಡಿಟ್ಟೂ ಲಗಾಮೂ ಎರಡೂ ಹೇಳಿದವರ ಕೈಯಲ್ಲೇ ಉಳಿಯುತ್ತದೆ. ಇಂಥ ಮಾತು ಕೆಲಸದ ಆಸಕ್ತಿಯನ್ನು ತಗ್ಗಿಸುತ್ತದೆ ಅಂತ ಡೆಸಿ ಮತ್ತು ಅವರ ಜೊತೆ ದುಡಿದ ರಿಚರ್ಡ್ ರಯಾನ್ ತೋರಿಸಿದ್ದಾರೆ.

## ಗೊತ್ತಿದ್ದೂ ಯಾಕೆ ಹೇಳುವುದಿಲ್ಲ

ದೃಷ್ಟಿ ತಾಗೀತು ಅನ್ನುವ ಭಯ ಒಂದು. ತಲೆಗೇರೀತು ಅನ್ನುವುದು ಇನ್ನೊಂದು. "ಅವರಿಗೆ ಗೊತ್ತಿರುತ್ತೆ ಬಿಡಿ" ಅನ್ನುವುದು ಎಲ್ಲಕ್ಕಿಂತ ದೊಡ್ಡದು.

2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಜನರಿಂದ ತಮಗೆ ಉಪಕಾರ ಮಾಡಿದವರಿಗೆ ಕಾಗದ ಬರೆಸಿದರು. ಓದಿದವರಿಗೆ ಎಷ್ಟು ಸಂತೋಷವಾಗಬಹುದು, ಎಷ್ಟು ಮುಜುಗರವಾಗಬಹುದು ಅಂತ ಬರೆದವರನ್ನು ಮೊದಲೇ ಕೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಸಂತೋಷ ಊಹೆಗಿಂತ ಹೆಚ್ಚಿತ್ತು, ಮುಜುಗರ ಊಹೆಗಿಂತ ಕಡಿಮೆ ಇತ್ತು. ಬರೆಯುವವರ ಚಿಂತೆಯೆಲ್ಲ ಪದಗಳ ಮೇಲೆ, ಸರಿಯಾಗಿ ಬಂತೋ ಇಲ್ಲವೋ ಅಂತ. ಓದುವವರಿಗೆ ಪದ ಮುಖ್ಯವಲ್ಲ, ಇವರು ನನ್ನನ್ನು ನೆನೆದರು ಅನ್ನುವುದೇ ಮುಖ್ಯ. ಗುರುತಿಲ್ಲದವರಿಗೆ ಒಂದು ಒಳ್ಳೆಯ ಮಾತು ಹೇಳುವ ಬಗ್ಗೆಯೂ ಇಂಥದ್ದೇ ಫಲ ಬಂದಿದೆ. ಮಂಜು ತುಂಬಿದ ರಾತ್ರಿ ಆಗುಂಬೆ ಘಾಟಿಯ ತಿರುವುಗಳನ್ನು ಒಂದೊಂದಾಗಿ ಹತ್ತಿಸಿದ ಡ್ರೈವರಿಗೆ, ಬಸ್ ಇಳಿಯುವಾಗ "ಮಂಜಲ್ಲೂ ಎಷ್ಟು ನಿಧಾನವಾಗಿ ತಂದ್ರಿ ಅಣ್ಣಾ, ಮಗು ಎಚ್ಚರಾನೇ ಆಗಲಿಲ್ಲ" ಅಂತ ಹೇಳಲು ಎರಡು ಸೆಕೆಂಡು ಬೇಕು.

ಮೆಚ್ಚುಗೆ ನಮಗೇ ಬಂದಾಗ ಏನು ಮಾಡುತ್ತೇವೆ ಅನ್ನುವುದೂ ಇದೆ. "ಅಯ್ಯೋ, ಅದೇನು ಮಹಾ" ಅಂತ ತಳ್ಳಿಬಿಡುತ್ತೇವೆ. ಹೇಳಿದವರು ಧೈರ್ಯ ಮಾಡಿ ತಂದದ್ದನ್ನು ಬಾಗಿಲಲ್ಲೇ ವಾಪಸ್ ಕಳಿಸಿದ ಹಾಗಾಗುತ್ತದೆ. "ನೀವು ಗಮನಿಸಿದ್ರಲ್ಲ, ಖುಷಿ ಆಯ್ತು" ಅಂದರೆ ಯಾವ ಜಂಬವೂ ಇಲ್ಲ.

ಕಳೆದ ಮಳೆಗಾಲದಲ್ಲಿ ಬೆಳಗಿನಿಂದ ಹೋಗಿದ್ದ ಕರೆಂಟ್ ಬಂದ ರಾತ್ರಿ ನಾನು ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. ಎತ್ತಿದ ಕೂಡಲೇ ಅವರು ಕೇಳಿದ್ದು, "ಮತ್ತೆ ಹೋಯ್ತಾ ಸರ್?"

"ಇಲ್ಲ, ಬಂತು. ಅದನ್ನ ಹೇಳೋದಕ್ಕೇ ಮಾಡಿದೆ. ಹಳ್ಳ ದಾಟಿ ಬಂದು ಆ ಹಲಸಿನ ಮರ ಕಡಿದ್ರಂತೆ. ಅಮ್ಮನ ಔಷಧಿ ಫ್ರಿಜ್ಜಲ್ಲಿತ್ತು, ಉಳೀತು."

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅವರು "ಅಮ್ಮ ಹೇಗಿದ್ದಾರೆ ಈಗ?" ಅಂತ ಕೇಳಿದರು. ಹೇಳಿದೆ. "ಕೆಳಗಿನ ಕೇರಿಯ ಮೂರು ಮನೆಗೆ ಇನ್ನೂ ಬಂದಿಲ್ಲ ಸರ್, ಅಲ್ಲೇ ಹೋಗ್ತಾ ಇದೀನಿ" ಅಂದು ಫೋನ್ ಇಟ್ಟರು.